ಮನೆಯ ಹೊರಗೊಂದು ಹಕ್ಕಿಮನೆ: ಚಳಿಗೆ ಹೆದರುವ ನಾವು ಬಿಸಿಲನ್ನೇಕೆ ಮರೆಯುತ್ತೇವೆ?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಮನೆಯ ಟೆರೇಸಿನ ಮೇಲೋ ಪಕ್ಕದ ಓಣಿಯಂಥ ಜಾಗದಲ್ಲೋ ಜಾಲರಿ ಕಟ್ಟಿ ಹಕ್ಕಿ ಸಾಕುವವರು ಈಗ ಸಾಕಷ್ಟಿದ್ದಾರೆ. ಬಜರಿಗರ್ (ನಮ್ಮಲ್ಲಿ ಅನೇಕರು ತಪ್ಪಾಗಿ ಇದನ್ನೇ ಲವ್‌ಬರ್ಡ್ ಎನ್ನುತ್ತಾರೆ), ನಿಜವಾದ ಲವ್‌ಬರ್ಡ್, ಕಾಕಟೀಲ್, ಫಿಂಚ್ ಇವು ಸಾಮಾನ್ಯವಾಗಿ ಕಾಣುವ ಹಕ್ಕಿಗಳು. ಮನೆಯೊಳಗಿನ ಚಿಕ್ಕ ಪಂಜರಕ್ಕಿಂತ ಹೊರಗಿನ ದೊಡ್ಡ ಹಕ್ಕಿಮನೆ ಒಳ್ಳೆಯದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಕಟ್ಟುವಾಗ ಕೇಳಿಬರುವ ಸಲಹೆಗಳಲ್ಲಿ ಅರ್ಧದಷ್ಟು ಊಹೆ, ಇನ್ನರ್ಧ ಅಂಗಡಿಯವರ ಅನುಕೂಲ. ಹೀಗಾಗಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಹಕ್ಕಿ ಸತ್ತಿರುತ್ತವೆ, ಯಾಕೆಂದು ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮಲ್ಲೇ ಇರುವ ದೊಡ್ಡ ಉದಾಹರಣೆ ಬೇಕೆಂದರೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ. ಒಂದೇ ಹಕ್ಕಿಮನೆಯಲ್ಲಿ 468 ಜಾತಿಯ ಪಕ್ಷಿಗಳಿದ್ದುದಕ್ಕೆ 2017ರಲ್ಲಿ ಅದು ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿಗೆ ಹೋಗಿಬಂದವರು ಎತ್ತರ ನೋಡಿ ಬೆರಗಾಗುತ್ತಾರೆ. ಮನೆಯಲ್ಲಿ ಕಟ್ಟುವವರಿಗೆ ಎತ್ತರ ಅಷ್ಟು ಮುಖ್ಯವಲ್ಲ. ಅಲ್ಲಿಂದ ಕಲಿಯಬೇಕಾದದ್ದು ಬೇರೆ: ಅಲ್ಲಿಯೇ ಹಕ್ಕಿಗಳ ಆಸ್ಪತ್ರೆಯೂ ಇದೆ. ಹಕ್ಕಿಗಳನ್ನು ಗುಂಪಾಗಿ ಇಟ್ಟ ಕಡೆ ರೋಗದ ಯೋಚನೆ ಮೊದಲ ದಿನದಿಂದಲೇ ಇರಬೇಕು.

ಮೊದಲು ಯಾವ ಹಕ್ಕಿ ಎಂಬ ಪ್ರಶ್ನೆ

ಜಾಲರಿ ಕೊಳ್ಳುವ ಮುಂಚೆ ಕಾನೂನು. "ಗಿಳಿ ಸಾಕುವುದರಲ್ಲಿ ತಪ್ಪೇನು, ನಮ್ಮಜ್ಜಿ ಸಾಕಿದ್ದರು" ಎನ್ನುವವರು ಇಂದಿಗೂ ಇದ್ದಾರೆ. ಅಜ್ಜಿಯ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯ ನಂತರ ಭಾರತದ ಕಾಡು ಹಕ್ಕಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ನಮ್ಮ ಹಸಿರು ಗಿಳಿ, ಬೆಟ್ಟದ ಮೈನಾ, ರಾಟವಾಳ ಎಲ್ಲವೂ ಇದರಲ್ಲಿ ಬರುತ್ತವೆ. ರಾಟವಾಳಕ್ಕೆ ಬಣ್ಣ ಹಚ್ಚಿ "ಕಲರ್ ಬರ್ಡ್" ಎಂದು ಮಾರುವ ದಂಧೆ ದೇಶದ ಹಲವೆಡೆ ನಡೆದಿದೆ. ತಿಂಗಳೊಪ್ಪತ್ತಿನಲ್ಲಿ ಬಣ್ಣ ಹೋಗಿ ಒಳಗಿನ ಕಂದು ಹಕ್ಕಿ ಹೊರಬಂದಾಗ ಕೊಂಡವರಿಗೆ ವಿಷಯ ತಿಳಿಯುತ್ತದೆ.

ವಿದೇಶಿ ಹಕ್ಕಿಗಳಿಗೆ ಯಾವ ನಿಯಮವೂ ಇಲ್ಲ ಎಂಬುದು ಕೂಡ ಹಳೆಯ ಮಾತು. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳೂ ಅದರ ವ್ಯಾಪ್ತಿಗೆ ಬಂದವು. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಹಕ್ಕಿ ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬಜರಿಗರ್, ಕಾಕಟೀಲ್ ಮತ್ತು ಪೀಚ್ ಬಣ್ಣದ ಮುಖದ ಲವ್‌ಬರ್ಡ್ ಸೈಟಿಸ್ ಪಟ್ಟಿಯಿಂದ ಹೊರಗಿವೆ. ಆಫ್ರಿಕನ್ ಗ್ರೇ, ಮಕಾವ್, ಸನ್ ಕನ್ಯೂರ್, ಫಿಷರ್ಸ್ ಲವ್‌ಬರ್ಡ್, ಜಾವಾ ಗುಬ್ಬಿ ಒಳಗಿವೆ. ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ಕೂತಿರುವ ಎರಡು ಲವ್‌ಬರ್ಡ್‌ಗಳಲ್ಲಿ ಒಂದಕ್ಕೆ ಕಾಗದ ಬೇಕು, ಇನ್ನೊಂದಕ್ಕೆ ಬೇಡ. ರಶೀದಿಯಲ್ಲಿ ಜಾತಿಯ ಹೆಸರು ಬರೆಸಿಕೊಳ್ಳುವುದು ಇದಕ್ಕೇ.

ಮೊದಲ ಸಲ ಕಟ್ಟುವವರಿಗೆ ನನ್ನ ಆಯ್ಕೆ ಬಜರಿಗರ್. ಆಸ್ಟ್ರೇಲಿಯಾದ ಒಳನಾಡಿನ ಬರಡು ಬಯಲಲ್ಲಿ ಬದುಕುವ ಹಕ್ಕಿ ಇದು. 1840ರಲ್ಲಿ ಜಾನ್ ಗೌಲ್ಡ್ ಇಂಗ್ಲೆಂಡಿಗೆ ತಂದ ಮೇಲೆ ಲೋಕವೆಲ್ಲ ಹರಡಿತು. ಗುಂಪಿನಲ್ಲಿ ಜಗಳವಿಲ್ಲದೆ ಇರುತ್ತದೆ, ಸ್ಥಳವಿದ್ದರೆ ಕಾಕಟೀಲ್ ಜೊತೆಗೂ ಹೊಂದಿಕೊಳ್ಳುತ್ತದೆ. ಲವ್‌ಬರ್ಡ್ ಹೆಸರಿಗಷ್ಟೇ ಲವ್. ಚಿಕ್ಕ ಹಕ್ಕಿಗಳ ಕಾಲ್ಬೆರಳು ಕಚ್ಚಿ ತುಂಡರಿಸುವುದು ಅದಕ್ಕೆ ಮಾಮೂಲು. ಅದನ್ನು ಬೇರೆಯೇ ಇಡಬೇಕು.

"ಹೊರಗಿಟ್ಟರೆ ಚಳಿಗೆ ಸಾಯುತ್ತವೆ"

ಅತಿ ಹೆಚ್ಚು ಕೇಳುವ ಮಾತು ಇದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜನವರಿಯ ಬೆಳಗಿನ ತಾಪಮಾನ ಸರಾಸರಿ 15-16 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆರೋಗ್ಯವಾಗಿರುವ, ಹೊರಗಿನ ಹವೆಗೆ ನಿಧಾನವಾಗಿ ಒಗ್ಗಿಕೊಂಡ ಬಜರಿಗರ್‌ಗೆ ಇದು ಯಾವ ಲೆಕ್ಕವೂ ಅಲ್ಲ. ಹಕ್ಕಿಯ ದೇಹದ ಉಷ್ಣತೆ ನಮ್ಮದಕ್ಕಿಂತ ಹೆಚ್ಚು, 40 ಡಿಗ್ರಿಗಿಂತ ಮೇಲೆ. ಚಳಿಯಾದಾಗ ಅದು ಗರಿಗಳನ್ನು ಉಬ್ಬಿಸಿ ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಆ ಗಾಳಿಯ ಪದರವೇ ಅದರ ಕಂಬಳಿ.

ಈ ಕಂಬಳಿಯನ್ನು ಹಾಳುಮಾಡುವುದು ಎರಡು. ಗರಿ ಒದ್ದೆಯಾದರೆ ಗಾಳಿ ನಿಲ್ಲುವುದಿಲ್ಲ. ಬೀಸುಗಾಳಿ ನೇರವಾಗಿ ಹೊಡೆದರೆ ಬಿಸಿ ಉಳಿಯುವುದಿಲ್ಲ. ಎರಡೂ ಒಟ್ಟಿಗೆ ಬಂದರೆ 20 ಡಿಗ್ರಿಯಲ್ಲೂ ಹಕ್ಕಿ ಕುಸಿಯಬಹುದು. ಆದ್ದರಿಂದ ಪ್ರಶ್ನೆ "ಎಷ್ಟು ಚಳಿ" ಎಂಬುದಲ್ಲ, "ರಾತ್ರಿ ಅದು ಒಣಗಿ, ಗಾಳಿ ತಗಲದೆ ಕೂರುವ ಮೂಲೆ ಇದೆಯೇ" ಎಂಬುದು. ಇದ್ದಕ್ಕಿದ್ದಂತೆ ಜಾಗ ಬದಲಿಸುವುದೂ ಅಪಾಯ. ಮನೆಯೊಳಗಿದ್ದ ಹಕ್ಕಿಯನ್ನು ಡಿಸೆಂಬರಿನಲ್ಲಿ ತಂದು ಹೊರಗೆ ಬಿಡಬಾರದು. ಫೆಬ್ರವರಿ ಒಳ್ಳೆಯ ತಿಂಗಳು.

ಬಿಸಿಲಿನ ಕಥೆ ಬೇರೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಡುವುದು, ರೆಕ್ಕೆಯನ್ನು ಮೈಯಿಂದ ದೂರ ಹಿಡಿಯುವುದು ಇಷ್ಟೇ ಅವಕ್ಕಿರುವ ದಾರಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಅದು ನೆರಳಿನಲ್ಲಿ ಅಳೆದ ಲೆಕ್ಕ. ಕಾದ ಟೆರೇಸಿನ ಮೇಲೆ, ತಗಡಿನ ಸೂರಿನಡಿ, ಮೂರು ಕಡೆ ಮುಚ್ಚಿದ ಪೆಟ್ಟಿಗೆಯೊಳಗೆ ಎಷ್ಟಿರುತ್ತದೆ ಎಂದು ಯೋಚಿಸಿ. ಕಾಡಿನ ಬಜರಿಗರ್ ಇದಕ್ಕಿಂತ ಬಿಸಿಯಲ್ಲೂ ಬದುಕುತ್ತದೆ, ನಿಜ. ಆದರೆ ಅಲ್ಲಿ ಅದು ಮರದ ನೆರಳಿಗೆ, ನೀರಿಗೆ ಹಾರಿಹೋಗುತ್ತದೆ. ನಮ್ಮ ಪಂಜರದಲ್ಲಿ ಹೋಗಲು ಜಾಗವಿಲ್ಲ. ಉತ್ತರ ಬೆಂಗಳೂರಿನ ಹಕ್ಕಿಮನೆಗೆ ಚಳಿಗಾಲಕ್ಕಿಂತ ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನಗಳೇ ಹೆಚ್ಚು ಅಪಾಯಕಾರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಹಾಗಾದರೆ ದಿಕ್ಕು ಯಾವುದು? ಪಶ್ಚಿಮಕ್ಕೆ ಗಟ್ಟಿ ಗೋಡೆ. ಮಧ್ಯಾಹ್ನದ ಬಿಸಿಲೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನ ಗಾಳಿಮಳೆಯೂ ಹೆಚ್ಚಾಗಿ ಆ ಕಡೆಯಿಂದಲೇ ಬರುತ್ತವೆ. ಮನೆಯ ಗೋಡೆಯನ್ನೇ ಪಶ್ಚಿಮಕ್ಕೆ ಬಳಸಿಕೊಳ್ಳಲು ಸಾಧ್ಯವಾದರೆ ಖರ್ಚೂ ಉಳಿಯುತ್ತದೆ. ಪೂರ್ವಕ್ಕೆ ಜಾಲರಿ ಇರಲಿ, ಬೆಳಗಿನ ಎಳೆಬಿಸಿಲು ಬರಲಿ. ಈ ಬಿಸಿಲಿಗೆ ಬೆಲೆಯಿದೆ: ಅದರಲ್ಲಿರುವ ಅತಿನೇರಳೆ ಕಿರಣ ತಗಲಿದಾಗ ಹಕ್ಕಿಯ ಗರಿಯಿಲ್ಲದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುತ್ತದೆ, ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹಿಡಿಯುವುದಿಲ್ಲ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ. ಮನೆಯೊಳಗೆ ಕಿಟಕಿ ಪಕ್ಕ ಇಟ್ಟರೆ ಸಾಕು ಎಂಬುದು ಆದ್ದರಿಂದ ಸರಿಯಲ್ಲ. ನವೆಂಬರ್‌ನಿಂದ ಜನವರಿವರೆಗೆ ರಾತ್ರಿ ಪೂರ್ವದ ಗಾಳಿ ತಣ್ಣಗೆ ಬೀಸುವುದರಿಂದ ಆ ಕಡೆಗೆ ಸುತ್ತಿಡಬಹುದಾದ ಗೋಣಿ ಅಥವಾ ಟಾರ್ಪಾಲಿನ್ ಪರದೆ ಬೇಕು. ಸಂಜೆ ಇಳಿಸಿ, ಬೆಳಿಗ್ಗೆ ಏರಿಸಿದರಾಯಿತು.

ಸೂರು ಅರ್ಧಕ್ಕಿಂತ ಹೆಚ್ಚು ಮುಚ್ಚಿರಲಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಚೆಂದ ಕಾಣುತ್ತದೆ, ಆದರೆ ಒಳಗೆ ಹಸಿರುಮನೆಯ ಹಾಗೆ ಕಾಯುತ್ತದೆ. ಮಂಗಳೂರು ಹೆಂಚು ಈಗಲೂ ಒಳ್ಳೆಯದು. ತಗಡೇ ಗತಿಯೆಂದರೆ ಅದರ ಮೇಲೆ ತೆಂಗಿನ ಗರಿ ಹೊದಿಸಿ, ತಗಡು ಮತ್ತು ಗೋಡೆಯ ನಡುವೆ ಬಿಸಿಗಾಳಿ ಹೊರಹೋಗಲು ಜಾಲರಿ ಹಾಕಿದ ಸಂದು ಬಿಡಿ. ಗಟ್ಟಿ ಸೂರಿಗೆ ಇನ್ನೊಂದು ಕಾರಣ ಪಾರಿವಾಳ. ಬೆಂಗಳೂರಿನ ಪಾರಿವಾಳಗಳ ಹಿಕ್ಕೆ ಜಾಲರಿಯ ಮೂಲಕ ಮೇವಿನ ಬಟ್ಟಲಿಗೆ ಬಿದ್ದರೆ ಸಾಲ್ಮೊನೆಲ್ಲಾದಂಥ ಸೋಂಕು ಒಳಗೆ ಬಂದಂತೆಯೇ.

ಜಾಲರಿಯಲ್ಲಿರುವ ವಿಷ

ಹೊಸ ಹಕ್ಕಿಮನೆಗೆ ಬಿಟ್ಟ ಕೆಲವೇ ವಾರಗಳಲ್ಲಿ ಹಕ್ಕಿಗಳು ಮಂಕಾಗಿ, ವಾಂತಿ ಮಾಡಿ, ನೀರುನೀರಾಗಿ ಹಿಕ್ಕೆ ಹಾಕಿ, ನಡುಗಿ ಸತ್ತರೆ ಜನ ದೃಷ್ಟಿ ತಗುಲಿತು ಎನ್ನುತ್ತಾರೆ. ಅನೇಕ ಸಲ ತಗುಲಿರುವುದು ಸತು. ತುಕ್ಕು ಹಿಡಿಯದಿರಲಿ ಎಂದು ಜಿ.ಐ. ಜಾಲರಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ಹೊಸ ಜಾಲರಿಯ ಸಂಧಿಗಳಲ್ಲಿ ಸತುವಿನ ಸಣ್ಣ ಗಂಟುಗಳು, ಬಿಳಿಯ ಪುಡಿ ಉಳಿದಿರುತ್ತದೆ. ಗಿಳಿ ಜಾತಿಯ ಹಕ್ಕಿಗಳು ಜಾಲರಿ ಹತ್ತುವುದೇ ಕೊಕ್ಕಿನಿಂದ, ಹೊಳೆಯುವುದನ್ನೆಲ್ಲ ಕಡಿಯುತ್ತವೆ. 35 ಗ್ರಾಂ ತೂಕದ ಹಕ್ಕಿಗೆ ಅದರ ಸ್ವಲ್ಪವೇ ಸಾಕು. ಈ ಸಾವಿಗೆ ಪಕ್ಷಿವೈದ್ಯರು ಬಹಳ ಹಿಂದಿನಿಂದ "ಹೊಸ ತಂತಿಯ ಕಾಯಿಲೆ" ಎಂಬ ಹೆಸರನ್ನೇ ಇಟ್ಟಿದ್ದಾರೆ.

ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಉತ್ತಮ, ಆದರೆ ದುಬಾರಿ. ಜಿ.ಐ. ಜಾಲರಿಯನ್ನೇ ತಂದರೆ ವಿನೆಗರ್ ಹಚ್ಚಿ ಗಟ್ಟಿ ಬ್ರಷ್‌ನಿಂದ ಉಜ್ಜಿ, ನೀರಿನಿಂದ ಚೆನ್ನಾಗಿ ತೊಳೆದು, ಕೆಲವು ವಾರ ಬಿಸಿಲುಮಳೆಗೆ ಬಿಡಬೇಕು. ವಿನೆಗರ್‌ನ ಆಮ್ಲ ಸಡಿಲವಾದ ಸತುವಿನ ಪುಡಿಯನ್ನು ಕರಗಿಸುತ್ತದೆ. ಅಪಾಯ ಇದರಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಗಂಟುಗಳನ್ನು ಕೈಯಿಂದ ಮುಟ್ಟಿ ನೋಡಿ ಉಜ್ಜಿ ತೆಗೆಯಿರಿ. ಹಳೆಯ ಬಾಗಿಲು, ಕಿಟಕಿಯ ಮರ ಬಳಸುವವರು ಹಳೆಯ ಬಣ್ಣದಲ್ಲಿ ಸೀಸವಿರಬಹುದೆಂಬುದನ್ನು ಮರೆಯಬಾರದು. ಫಿಂಚ್‌ಗಳು ತಂತಿ ಕಡಿಯುವುದಿಲ್ಲವಾದ್ದರಿಂದ ಅವಕ್ಕೆ ಈ ಭಯ ಕಡಿಮೆ.

ಜಾಲರಿಯ ಕಣ್ಣು ಎಷ್ಟಿರಬೇಕು? ಆರು ಮೂಲೆಯ ಅಗ್ಗದ ಕೋಳಿ ಜಾಲರಿ ಬೇಡವೇ ಬೇಡ. ಹೆಗ್ಗಣ ಅದನ್ನು ಕಡಿದುಹಾಕುತ್ತದೆ, ಬೆಕ್ಕು ಹರಿಯುತ್ತದೆ. ಅರ್ಧ ಇಂಚಿನ ವೆಲ್ಡೆಡ್ ಜಾಲರಿ ಬೆಕ್ಕು, ಕೋತಿ, ದೊಡ್ಡ ಇಲಿ, ಕೇರೆಹಾವು ಎಲ್ಲವನ್ನೂ ತಡೆಯುತ್ತದೆ. ಸುಂಡಿಲಿಯನ್ನು ತಡೆಯುವುದಿಲ್ಲ. ಅದರ ತಲೆಬುರುಡೆ ತೂರುವ ಸಂದಿನಲ್ಲಿ ಮೈಯೂ ತೂರುತ್ತದೆ, ಆರೇಳು ಮಿಲಿಮೀಟರ್ ಸಾಕು. ಕೆಳಗಿನ ಎರಡು ಅಡಿಗೆ ಕಾಲಿಂಚಿನ ಜಾಲರಿ ಹೆಚ್ಚುವರಿಯಾಗಿ ಹಾಕುವುದು ಒಳ್ಳೆಯದು. ಇಲಿ ಹಕ್ಕಿಯನ್ನು ತಿನ್ನದಿದ್ದರೂ ಕಾಳಿನ ಮೇಲೆ ಮೂತ್ರ ಮಾಡುತ್ತದೆ, ರಾತ್ರಿಯಿಡೀ ಓಡಾಡಿ ಹಕ್ಕಿಗಳನ್ನು ಬೆಚ್ಚಿಬೀಳಿಸುತ್ತದೆ, ಮೊಟ್ಟೆ ಕದಿಯುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಸಂಜೆ ಕಾಳಿನ ಬಟ್ಟಲನ್ನು ತೆಗೆದಿಡುವ ಅಭ್ಯಾಸ ಯಾವ ಇಲಿಬೋನಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ರಾತ್ರಿ ಜಾಲರಿಗೆ ಜೋತುಬಿದ್ದು ಮಲಗುವ ಹಕ್ಕಿಯ ಕಾಲನ್ನು ಹೊರಗಿನಿಂದ ಬೆಕ್ಕು, ಗೂಬೆ ಎಳೆಯುವುದುಂಟು. ಹಗಲು ಕಾಗೆಯೂ ಬಿಡುವುದಿಲ್ಲ. ಮಲಗುವ ಮೂಲೆಯಲ್ಲಾದರೂ ಎರಡು ಇಂಚು ಅಂತರದಲ್ಲಿ ಎರಡು ಪದರ ಜಾಲರಿ ಇರಲಿ. ಹೊರಗಿನಿಂದ ಕಪ್ಪು ಬಣ್ಣ ಹೊಡೆದ ಜಾಲರಿ ಕಣ್ಣಿಗೆ ಅಡ್ಡ ಬರುವುದಿಲ್ಲ, ಹಕ್ಕಿ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಸಣ್ಣ ಉಪಾಯ.

ನೆಲ, ಬಾಗಿಲು, ಅಳತೆ

ಯಲಹಂಕದ ಕೇಂದ್ರೀಯ ವಿಹಾರದ ಒಳಗೆ 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ದೋಣಿ ಓಡಾಡಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ನಿಮ್ಮ ಬೀದಿಯಲ್ಲಿ ನೀರು ನಿಲ್ಲುತ್ತದೆಂದರೆ ಹಕ್ಕಿಮನೆಯ ನೆಲ ಆ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವೇ ಹಕ್ಕಿಮನೆ ಟೆರೇಸಿಗೆ ಹೋಗಬೇಕು. ನೆಲಕ್ಕೆ ಇಳಿಜಾರು ಕೊಟ್ಟ ಕಾಂಕ್ರೀಟ್ ಅತ್ಯುತ್ತಮ: ತೊಳೆಯಬಹುದು, ಹೆಗ್ಗಣ ತೋಡಲಾರದು. ಮಣ್ಣಿನ ನೆಲವೇ ಇರಲಿ ಎನ್ನುವವರು ಜಾಲರಿಯನ್ನು ಒಂದು ಅಡಿ ಆಳಕ್ಕೆ ಹೂತು, ಅಲ್ಲಿಂದ ಹೊರಕ್ಕೆ ಇನ್ನೊಂದು ಅಡಿ ಮಡಚಬೇಕು. ಗೋಡೆಯ ಬುಡದಲ್ಲೇ ತೋಡಲು ಶುರುಮಾಡುವ ಹೆಗ್ಗಣಕ್ಕೆ ಆ ಮಡಿಕೆ ಅಡ್ಡ ಬರುತ್ತದೆ. ಟೆರೇಸಿನಲ್ಲಾದರೆ ತಾರಸಿಗೆ ರಂಧ್ರ ಕೊರೆದು ಸೋರಿಕೆ ತಂದುಕೊಳ್ಳಬೇಡಿ, ಚೌಕಟ್ಟನ್ನು ಪ್ಯಾರಪೆಟ್ ಗೋಡೆಗೆ ಬಿಗಿಯಿರಿ. ಮೇ ತಿಂಗಳ ಗುಡುಗುಮಳೆಯ ಗಾಳಿ ಹಗುರವಾದ ಸೂರನ್ನು ಎತ್ತಿ ಒಗೆಯಬಲ್ಲದು.

ಅಳತೆಯಲ್ಲಿ ಉದ್ದ ಮುಖ್ಯ. ಹಕ್ಕಿ ಅಡ್ಡಡ್ಡ ಹಾರುತ್ತದೆ, ಹೆಲಿಕಾಪ್ಟರಿನ ಹಾಗೆ ಮೇಲಕ್ಕೇರುವುದಿಲ್ಲ. ಅರಮನೆಯ ಗೋಪುರದಂತಿರುವ ದುಂಡು ಪಂಜರಗಳು ಮನುಷ್ಯರಿಗಾಗಿ ಮಾಡಿದವು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ನೀವು ತಲೆ ಬಗ್ಗಿಸದೆ ನಿಲ್ಲುವಷ್ಟು ಎತ್ತರವಿದ್ದರೆ ಎಂಟು ಹತ್ತು ಬಜರಿಗರ್‌ಗಳಿಗೆ ಸಾಕು. ಜೋಡಿಗಳ ಸಂಖ್ಯೆ ಹೆಚ್ಚುತ್ತಾ ಹೋಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ. ಮಡಕೆ ಕಟ್ಟಿದರೆ ಬಜರಿಗರ್ ಮೊಟ್ಟೆಯಿಡುತ್ತದೆ, ಕಟ್ಟಿಯೇ ಇದ್ದರೆ ಇಡುತ್ತಲೇ ಇರುತ್ತದೆ. ಮೊಟ್ಟೆಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಮೂಳೆಯಿಂದ ಹೋಗುತ್ತದೆ. ಕೊನೆಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುತ್ತದೆ. "ಮಡಕೆ ಇಲ್ಲದಿದ್ದರೆ ಹಕ್ಕಿಗೆ ಬೇಸರ" ಎಂಬುದು ಮರಿ ಮಾರುವವರ ಮಾತು. ವರ್ಷಕ್ಕೆ ಎರಡು ಸಂಸಾರ ಮುಗಿದ ಮೇಲೆ ಮಡಕೆ ತೆಗೆಯಿರಿ. ಕಟ್ಲ್‌ಬೋನ್ ಒಂದು ತುಂಡು ಯಾವಾಗಲೂ ನೇತಾಡುತ್ತಿರಲಿ.

ಬಾಗಿಲು ಒಂದಲ್ಲ, ಎರಡು. ಮೊದಲ ಬಾಗಿಲು ತೆಗೆದು ಒಳಗೆ ಬಂದು, ಅದನ್ನು ಮುಚ್ಚಿದ ಮೇಲೆ ಎರಡನೆಯದನ್ನು ತೆಗೆಯುವಂತೆ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಹಣ ಉಳಿಸಲು ಜನ ಮೊದಲು ಕೈಬಿಡುವುದು ಇದನ್ನೇ. ತಪ್ಪಿಸಿಕೊಂಡ ಹಕ್ಕಿ ಸ್ವಾತಂತ್ರ್ಯ ಪಡೆದು ಸುಖವಾಗಿರುತ್ತದೆ ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಪಂಜರದಲ್ಲೇ ತಲೆಮಾರುಗಳಿಂದ ಹುಟ್ಟಿ ಬೆಳೆದ ಹಳದಿ ಬಜರಿಗರ್‌ಗೆ ಇಲ್ಲಿ ಮೇವು ಹುಡುಕಲು ಬರುವುದಿಲ್ಲ, ಕಾಗೆ ಮತ್ತು ಶಿಕ್ರಾದ ಕಣ್ಣಿಗೆ ಅದು ದೂರದಿಂದಲೇ ಬೀಳುತ್ತದೆ. ಇದೇ ಕಾರಣಕ್ಕೆ ಹಬ್ಬದ ದಿನ "ಪುಣ್ಯಕ್ಕಾಗಿ" ಸಾಕುಹಕ್ಕಿ ಬಿಡುವುದೂ ಅದನ್ನು ಕೊಂದಂತೆ.

ಒಳಗೆ ಕೂರಲು ಸೀಬೆ, ಬೇವಿನ ಕೊಂಬೆಗಳು ಸಾಕು. ಅಂಗಡಿಯ ನುಣುಪು ಕೋಲಿನಲ್ಲಿ ದಪ್ಪ ಒಂದೇ ಇರುವುದರಿಂದ ಪಾದದ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತದೆ. ದಾಸವಾಳ, ಬಿದಿರು ನೆಡಬಹುದು. ಕಣಗಿಲೆ, ಉಮ್ಮತ್ತಿ, ಲಂಟಾನ ಹತ್ತಿರ ಕೂಡ ಬೇಡ. ಬೆಣ್ಣೆಹಣ್ಣನ್ನು ತಿನ್ನಿಸಲೇಬೇಡಿ, ಅದರಲ್ಲಿರುವ ಪರ್ಸಿನ್ ಹಕ್ಕಿಯ ಹೃದಯವನ್ನು ನಿಲ್ಲಿಸಬಲ್ಲದು.

ಸದ್ದು, ಹದ್ದು, ಹೊಗೆ

ಇದು ಉತ್ತರ ಬೆಂಗಳೂರಿನವರಿಗೇ ವಿಶೇಷ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವಾಗ ಸುತ್ತಲ ಪ್ರದೇಶದಲ್ಲಿ ಮಾಂಸ ಮಾರಾಟ ನಿಲ್ಲಿಸುತ್ತಾರೆ. 2025ರಲ್ಲಿ ಅದು 13 ಕಿಲೋಮೀಟರ್ ವ್ಯಾಪ್ತಿಯಾಗಿತ್ತು. ಮಾಂಸದ ತ್ಯಾಜ್ಯಕ್ಕೆ ಬರುವ ಹದ್ದುಗಳು ವಿಮಾನಕ್ಕೆ ಬಡಿಯಬಾರದೆಂಬುದು ಉದ್ದೇಶ. ಈ ಭಾಗದಲ್ಲಿ ಹದ್ದುಗಳು ಎಷ್ಟಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹದ್ದಿನ ನೆರಳು ಸೂರಿನ ಜಾಲರಿಯ ಮೇಲೆ ಹಾದರೂ ಹಕ್ಕಿಗಳು ದಿಕ್ಕಾಪಾಲಾಗಿ ಹಾರಿ ಗೋಡೆಗೆ ಬಡಿದುಕೊಳ್ಳುತ್ತವೆ. ಗಟ್ಟಿ ಸೂರು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ರಾತ್ರಿಯ ಗಾಬರಿ ಇನ್ನೂ ಕೆಟ್ಟದ್ದು, ಅದರಲ್ಲೂ ಕಾಕಟೀಲ್‌ಗಳಿಗೆ. ಕತ್ತಲಲ್ಲಿ ಪಟಾಕಿ ಸಿಡಿದರೆ ಅವು ಕಾಣದೆ ಹಾರಿ ರೆಕ್ಕೆ ಮುರಿದುಕೊಳ್ಳುತ್ತವೆ, ರಕ್ತನಾಳವಿರುವ ಎಳೆಗರಿ ಕಿತ್ತು ರಕ್ತ ಸುರಿಸುತ್ತವೆ. ಪುಟ್ಟ ಮಂದ ದೀಪವೊಂದು ಉರಿಯುತ್ತಿದ್ದರೆ ಕೂರುವ ಕೊಂಬೆ ಮತ್ತೆ ಕಾಣುತ್ತದೆ, ಗಾಬರಿ ಬೇಗ ಇಳಿಯುತ್ತದೆ. ದೀಪಾವಳಿಯ ಮೂರು ದಿನ ಒಳಗೆ ತರಲು ಸಾಧ್ಯವಾದರೆ ತನ್ನಿ. ಹಕ್ಕಿಯ ಶ್ವಾಸಕೋಶ ನಮ್ಮದಕ್ಕಿಂತ ದಕ್ಷವಾದದ್ದು, ಗಾಳಿಯಲ್ಲಿರುವ ವಿಷವನ್ನೂ ಅಷ್ಟೇ ದಕ್ಷವಾಗಿ ಎಳೆದುಕೊಳ್ಳುತ್ತದೆ. ಸೊಳ್ಳೆಗೆ ಹೊಗೆ ಹಾಕುವ ಗಾಡಿ ಬೀದಿಗೆ ಬಂದಾಗಲೂ ಪರದೆ ಇಳಿಸಬೇಕು. ಸೊಳ್ಳೆಯೇನೂ ನಿರಪರಾಧಿಯಲ್ಲ: ಹಕ್ಕಿ ಸಿಡುಬನ್ನು ಹರಡುವುದು ಅದೇ. ಕಣ್ಣು, ಕೊಕ್ಕು, ಕಾಲಿನ ಮೇಲೆ ಗಂಟುಗಳು ಬಂದರೆ ಅನುಮಾನಿಸಿ.

ನಿಮ್ಮ ಎದೆಯ ಮಾತು

"ಹಕ್ಕಿ ಸಾಕಿದರೆ ಶ್ವಾಸಕೋಶ ಹಾಳಾಗುತ್ತದೆ" ಎಂಬುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಿಕ್ಕೆ ಮತ್ತು ಗರಿಯ ಧೂಳಿನಲ್ಲಿರುವ ಪ್ರೋಟೀನಿಗೆ ಕೆಲವರ ಶ್ವಾಸಕೋಶ ಅತಿಯಾಗಿ ಪ್ರತಿಕ್ರಿಯಿಸುತ್ತದೆ. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ವರ್ಷಗಟ್ಟಲೆ ಅಲಕ್ಷಿಸಿದರೆ ಶ್ವಾಸಕೋಶದಲ್ಲಿ ಸರಿಪಡಿಸಲಾಗದ ಗಾಯದ ಕಲೆ ಉಳಿಯುತ್ತದೆ. ಎಲ್ಲರಿಗೂ ಆಗುವುದಿಲ್ಲ, ಆದವರು ಹಕ್ಕಿ ಸಾಕುವುದನ್ನು ಬಿಡಲೇಬೇಕು. ಇನ್ನೊಂದು ಸಿಟಕೋಸಿಸ್, ಅಂದರೆ ಗಿಳಿಜ್ವರ. ಕ್ಲಮೈಡಿಯಾ ಸಿಟಸಿ ಎಂಬ ಬ್ಯಾಕ್ಟೀರಿಯಾದಿಂದ ಬರುವ ಇದು ನ್ಯುಮೋನಿಯಾದಂತೆ ಕಾಣುತ್ತದೆ. ಡಾಕ್ಸಿಸೈಕ್ಲಿನ್‌ನಿಂದ ವಾಸಿಯಾಗುತ್ತದೆ, ಆದರೆ ಸಾಮಾನ್ಯ ನ್ಯುಮೋನಿಯಾ ಎಂದುಕೊಂಡು ಕೊಡುವ ಕೆಲವು ಆಂಟಿಬಯಾಟಿಕ್‌ಗಳಿಗೆ ಬಗ್ಗುವುದಿಲ್ಲ. ಜ್ವರ, ಕೆಮ್ಮು ಎಂದು ವೈದ್ಯರ ಬಳಿ ಹೋದಾಗ ಮನೆಯಲ್ಲಿ ಹಕ್ಕಿಗಳಿವೆ ಎಂಬ ಒಂದು ಮಾತು ಹೇಳಿ. ಅವರು ಕೇಳಲು ಮರೆಯಬಹುದು.

ಹೊರಗಿನ ಹಕ್ಕಿಮನೆಯ ದೊಡ್ಡ ಲಾಭ ಇಲ್ಲಿದೆ: ಧೂಳು ಕೋಣೆಯಲ್ಲಿ ಸುತ್ತುವುದಿಲ್ಲ. ಆದರೂ ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಹೊಸ ಹಕ್ಕಿ ತಂದರೆ ಒಂದು ತಿಂಗಳು ಬೇರೆ ಕೋಣೆಯಲ್ಲಿರಲಿ. ಅದರ ಬಟ್ಟಲೂ ಬೇರೆ, ಮತ್ತು ಅದಕ್ಕೆ ಮೇವು ಹಾಕುವುದು ಕೊನೆಗೆ.

ಹಕ್ಕಿಜ್ವರ ಇಲ್ಲಿಗೆ ದೂರದ ವಿಷಯವಲ್ಲ. 2018ರ ಜನವರಿಯಲ್ಲಿ ದಾಸರಹಳ್ಳಿಯಲ್ಲಿ, 2025ರಲ್ಲಿ ಪಕ್ಕದ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಅದು ದೃಢಪಟ್ಟಿತ್ತು. ಜಕ್ಕೂರು, ಹೆಬ್ಬಾಳ, ಪುಟ್ಟೇನಹಳ್ಳಿ ಕೆರೆಗಳಿಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಕೆರೆಯ ಏರಿ ಮೇಲೆ ನಡೆದ ಚಪ್ಪಲಿಯನ್ನು ಹಕ್ಕಿಮನೆಯ ಹೊರಗೇ ಬಿಡಿ, ಒಳಗಿನ ಓಡಾಟಕ್ಕೆ ಬೇರೊಂದು ಜೊತೆ ಇಟ್ಟುಕೊಳ್ಳಿ.

ಹಕ್ಕಿ ಸತ್ತರೆ ಮಣ್ಣು ಮಾಡುವ ಮುಂಚೆ ಒಂದು ಕ್ಷಣ ಯೋಚಿಸಿ. ಸಾಲಾಗಿ ಎರಡು ಸತ್ತರಂತೂ ಕಾರಣ ತಿಳಿಯಲೇಬೇಕು. ಕೈಗವಸು ಹಾಕಿಕೊಂಡು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ತುಂಬಿದ ಡಬ್ಬಿಯಲ್ಲಿಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಅಂಗಾಂಶ ಒಡೆದು ಪರೀಕ್ಷೆ ಕಷ್ಟವಾಗುತ್ತದೆ. ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಿದೆ. ಪಶುರೋಗಗಳ ಮೇಲೆ ನಿಗಾ ಇಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇರುವುದು ಯಲಹಂಕದಲ್ಲಿ. ದೇಶದ ಬೇರೆ ಕಡೆಯವರಿಗೆ ಇಲ್ಲದ ಈ ಅನುಕೂಲ ನಿಮ್ಮ ಬಸ್ ದಾರಿಯಲ್ಲಿದೆ. ಮರಣೋತ್ತರ ಪರೀಕ್ಷೆಗೆ ಬೆಳಿಗ್ಗೆಯೇ ಕೊಂಡೊಯ್ಯುವುದು ಒಳ್ಳೆಯದು, ಜೊತೆಗೆ ಹಕ್ಕಿ ತಿಂದ ಕಾಳಿನ ಒಂದು ಹಿಡಿಯೂ ಇರಲಿ.